ನಮ್ಮವರು ಪಾರ್ಲಿಮೆಂಟಿಗೆ ನಿಂತದ್ದು

ನಮ್ಮವರು ತೀರಿಕೊಂಡ ಮೇಲೆ ಕೆಲಸಗಾರರ ಸಂಘದವರು ಮನೆಗೆ ಬಂದು, ಅವರ ನೆನಪಿಗೆ ಪುಸ್ತಕ ತರುತ್ತೇವೆ, ನೀವೂ ನಾಲ್ಕು ಮಾತು ಬರೆಯಿರಿ ಎಂದರು. ನಾನು ಓದಿದ್ದು ಕಡಿಮೆ. ಭಾಷಣ, ಹೋರಾಟದ ವಿಷಯ ಬೇರೆಯವರು ಬರೆಯಲಿ. ಮನೆಯಲ್ಲಿದ್ದ ಮನುಷ್ಯನ ವಿಷಯ ನಾನು ಬರೆಯುತ್ತೇನೆ.

ಅವರು ನಲ್ಲಿ, ಪೈಪು ರಿಪೇರಿ ಮಾಡುತ್ತಿದ್ದರು. ನಮ್ಮ ಬೀದಿಯ ಕಟ್ಟಡಗಳೆಲ್ಲ ಹಳೆಯವು. ನೀರು ಕೆಳಗಿನ ಮನೆಗಳಿಗಷ್ಟೇ ಬರುತ್ತದೆ, ಮೇಲಿನ ಮಹಡಿಗೆ ಹತ್ತುವುದಿಲ್ಲ. ನಮ್ಮದು ಮೇಲಿನ ಮಹಡಿ. ಮದುವೆಯಾದ ಹೊಸತರಲ್ಲಿ ನಾನು ಏಳುವ ಮೊದಲೇ ಅವರು ಬಕೆಟ್ ಹೊತ್ತು ತಂದು ತುಂಬಿಸಿಟ್ಟಿರುತ್ತಿದ್ದರು. ಬೇಡ ಎಂದರೆ ಕೇಳುತ್ತಿರಲಿಲ್ಲ.

"ಪೈಪು ಹೋದ್ರೆ ಬೇರೆ ಹಾಕಬಹುದು ಕಣೇ, ಹೆಂಡತಿ ಸೊಂಟ ಹೋದ್ರೆ ಬೇರೆ ಎಲ್ಲಿ ಸಿಗುತ್ತೆ?"

ನೀರಿನ ಕಚೇರಿಗೆ ಅಲೆದು ಅವರ ಚಪ್ಪಲಿ ಸವೆಯಿತು. ಮೇಲಿನ ಮಹಡಿಗೂ ನೀರು ಹತ್ತಿಸುವ ದೊಡ್ಡ ಪೈಪಿನ ತೀರ್ಮಾನ ಇಲ್ಲಿ ಆಗುವುದಲ್ಲ, ರಾಜಧಾನಿಯಲ್ಲಿ ಆಗಬೇಕು ಎಂದು ಅಲ್ಲಿಯವರು ಹೇಳಿದರಂತೆ. ಹಾಗಾದರೆ ಅಲ್ಲಿಗೇ ಹೋಗುತ್ತೇನೆ ಎಂದು ಇವರು ಹಟ ಹಿಡಿದರು. ಸಂಘದವರೂ ಸರಿ ಎಂದು ಪಾರ್ಲಿಮೆಂಟಿಗೆ ನಿಲ್ಲಿಸಿದರು. ಆಗ ಅವರಿಗೆ ಮೂವತ್ತೂ ತುಂಬಿರಲಿಲ್ಲ. ಅತ್ತೆ ಕೇಳಿದರು: "ಪಾರ್ಲಿಮೆಂಟಿಗಾ? ಯಾಕೋ, ಅಲ್ಲೂ ನಲ್ಲಿ ಸೋರ್ತಿದೆಯಾ?"

ಓಟು ಕೇಳುವುದು ಅವರಿಗೆ ಬರುತ್ತಲೇ ಇರಲಿಲ್ಲ. ಬಾಗಿಲಲ್ಲಿ ನಿಂತು ಕೈ ಮುಗಿಯುವಾಗಲೇ ಕಿವಿ ಒಳಗೆ ಹೋಗಿರುತ್ತಿತ್ತು. ಎಲ್ಲೋ ತೊಟ್ಟಿಕ್ಕುವುದು ಕೇಳಿದರೆ ಸಾಕು, "ಒಂದು ನಿಮಿಷ" ಎಂದು ಬಚ್ಚಲಿಗೆ ನಡೆದುಬಿಡುತ್ತಿದ್ದರು. ಜೇಬಿನಲ್ಲಿ ಕರಪತ್ರದ ಜೊತೆ ವಾಷರ್ ಇರುತ್ತಿತ್ತು. ಸಂಘದ ಕಾರ್ಯದರ್ಶಿ ಹೊರಗೆ ಬಿಸಿಲಲ್ಲಿ ನಿಂತು ಒದ್ದಾಡುತ್ತಿದ್ದರು.

"ಅಲ್ಲಪ್ಪಾ, ಓಟು ಕೇಳೋಕೆ ಬಂದಿದೀಯೋ, ವಾಷರ್ ಹಾಕೋಕೋ?"

"ಸೋರೋ ನಲ್ಲಿ ಮುಂದೆ ನಿಂತು ಏನಂತ ಭಾಷಣ ಮಾಡ್ಲಿ ಸಾರ್?"

ಆ ದಿನಗಳಷ್ಟು ನಗು ನಮ್ಮ ಮನೆಯಲ್ಲಿ ಮತ್ತೆ ಆಗಲಿಲ್ಲ. ಸಂಜೆ ಬಂದು ಕಾಲು ಚಾಚಿ ಕೂತು, ಯಾರ ಮನೆಯಲ್ಲಿ ಏನಂದರು ಎಂದು ದನಿ ಬದಲಿಸಿ ಮಾಡಿ ತೋರಿಸುತ್ತಿದ್ದರು. ಅತ್ತೆ ನಕ್ಕು ನಕ್ಕು ಕೆಮ್ಮುತ್ತಿದ್ದರು. ಗೆಲ್ಲುತ್ತೇನೆ ಎಂದೇ ಅವರು ನಂಬಿದ್ದರು. ನಾನೂ ನಂಬಿದ್ದೆ.

ಸೋತರು. ಅದೂ ಕೂದಲೆಳೆಯ ಅಂತರದಲ್ಲಿ. ಗೊತ್ತಿಲ್ಲದ ದೂರದ ಬಡಾವಣೆಯವರು ಇವರಿಗೆ ಓಟು ಹಾಕಿದ್ದರು. ನಮ್ಮ ಬೀದಿಯಲ್ಲೇ ಹಿಂದೆ ಬಿದ್ದಿದ್ದರು. ಮನೆಗೆ ಬಂದು ಗೋಡೆಗೆ ಒರಗಿ ಕೂತರು. ತಟ್ಟೆ ಇಟ್ಟೆ, ಮುಟ್ಟಲಿಲ್ಲ.

"ಇವರಿಗೆ ನಾನೇನು ಕಮ್ಮಿ ಮಾಡಿದ್ದೆ ಹೇಳು" ಎಂದರು.

ಉತ್ತರ ಕೆಳಮನೆಯ ಅಜ್ಜಿಯ ಹತ್ತಿರ ಇತ್ತು. ಮರುದಿನ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದರು.

"ಏಳೋ ಮಗಾ, ಅಡಿಗೆಮನೆ ನಲ್ಲಿ ನಿಲ್ತಾನೇ ಇಲ್ಲ."

"ಓಟು ಯಾರಿಗೆ ಹಾಕಿದ್ರಿ ಅಜ್ಜೀ?" ಎಂದರು ಇವರು.

"ಆ ಇನ್ನೊಬ್ಬನಿಗೆ."

"ಯಾಕೆ?"

"ಅವನು ಊರು ಬಿಟ್ಟು ಹೋದ್ರೆ ನನಗೇನು ನಷ್ಟ? ನೀನು ಗೆದ್ದು ರಾಜಧಾನಿಗೆ ಹೋಗಿ ಕೂತ್ರೆ ನಮ್ಮ ನಲ್ಲಿ ಯಾರಪ್ಪ ನೋಡ್ತಾರೆ? ಬೀದಿ ಹೆಂಗಸರೆಲ್ಲಾ ಮಾತಾಡ್ಕೊಂಡೇ ಹಾಕಿದ್ವಿ."

ನನಗೆ ಮೈ ಉರಿದುಹೋಯಿತು. ಬಾಯಿ ತೆರೆಯುವಷ್ಟರಲ್ಲಿ ಇವರು ನಗಲು ಶುರು ಮಾಡಿದರು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಅದು ಬರೀ ನಗುವಿನ ನೀರಲ್ಲ, ನನಗೆ ಗೊತ್ತಾಯಿತು. ಆಮೇಲೆ ಚೀಲ ಎತ್ತಿಕೊಂಡು ಅಜ್ಜಿಯ ಹಿಂದೆ ಇಳಿದು ಹೋದರು.

ಮುಂದಿನ ಚುನಾವಣೆಗೆ ಮತ್ತೆ ನಿಲ್ಲುತ್ತೇನೆ ಎಂದರು. ಈ ಸಲ ಮೊದಲು ಅಜ್ಜಿಯ ಜೊತೆಗೇ ಚೌಕಾಸಿ ಮಾಡಿದರು. ಗೆದ್ದರೂ ಭಾನುವಾರ ಊರಿಗೆ ಬರುತ್ತೇನೆ, ನಲ್ಲಿ ನೋಡಿಯೇ ಹೋಗುತ್ತೇನೆ ಎಂದು. "ರಜೆ ದಿನಾನೂ ಬರ್ತೀಯಾ?" ಎಂದು ಅಜ್ಜಿ ಚೌಕಾಸಿ ಎಳೆದರು. ಹೂಂ ಎಂದರು. ಅದೇ ಮಾತನ್ನು ಮನೆ ಮನೆಗೂ ಕೊಟ್ಟು ಬಂದರು.

ಚುನಾವಣೆ ಇನ್ನೂ ದೂರ ಇತ್ತು. ಒಂದು ಜ್ವರ ಬಂತು, ಎದೆಗೆ ಇಳಿಯಿತು. ಆಸ್ಪತ್ರೆಯಲ್ಲೂ ಓಟಿನದೇ ಮಾತು. ಅಲ್ಲೇ ಹೋದರು.

ಮಣ್ಣು ಮಾಡಿ ಬಂದ ದಿನ ಅಜ್ಜಿ ನನ್ನ ಪಕ್ಕ ಕೂತು ಮಂಡಿ ಸವರುತ್ತಾ ಹೇಳಿದರು: "ಈ ಸಲ ಅವನಿಗೇ ಹಾಕ್ತಿದ್ದೆ ಕಣೇ. ನಿನ್ನಾಣೆ."

ಪಾರ್ಲಿಮೆಂಟು ನೋಡುವ ಅವರ ಆಸೆ ಹಾಗೇ ಉಳಿಯಿತು. ಆದರೆ ಗೆದ್ದಿದ್ದರೆ ಆಮೇಲಿನ ಸಂಜೆಗಳೆಲ್ಲ ದೂರದ ಊರಿನ ಪಾಲಾಗುತ್ತಿದ್ದವು. ಸೋತದ್ದಕ್ಕೆ ಮನೆಯಲ್ಲಿದ್ದರು. ದಿನಾ ಕೈಯೆಲ್ಲ ತುಕ್ಕು ಮಾಡಿಕೊಂಡು ಬಂದು ಸೋಪು ಎಲ್ಲಿ ಎಂದು ಕೂಗುತ್ತಿದ್ದರು.

"ಹೋದ ಸಲ ಹಾಕದೆ ಇದ್ರಲ್ಲ ಅಜ್ಜೀ, ಅದಕ್ಕೆ ನಾನು ನಿಮ್ಮನ್ನ ಏನೂ ಅನ್ನಲ್ಲ" ಎಂದು ಆವತ್ತೇ ಹೇಳಿದೆ.

ಅಜ್ಜಿ ಅತ್ತರು. ಮನೆ ತುಂಬ ಜನ ಇದ್ದರು, ನಾನು ಅಳಲಿಲ್ಲ.