ಕೌದಿ ಹೊದ್ದ ಎಲೆಬಳ್ಳಿ

ಮೂರು ವಾರದ ಹಿಂದಿನ ಮಾತು. ಭಾನುವಾರ ಬೆಳಗ್ಗೆ ಅಡುಗೆಮನೆಯ ಹಿಂಬಾಗಿಲು ತೆರೆದು ನೋಡುತ್ತೇನೆ, ನನ್ನ ನಾಲ್ಕೂ ಕೌದಿಗಳು ಹಿತ್ತಲಿನ ಗ್ರೀನ್‌ಹೌಸ್ ಮೇಲೆ ಹತ್ತಿ ಕೂತಿದ್ದವು.

ಕೌದಿ ಮಾತ್ರವೇ? ಅವುಗಳ ಮೇಲೆ ಮೊಮ್ಮಗಳ ಸ್ಲೀಪಿಂಗ್ ಬ್ಯಾಗು. ಪಕ್ಕಕ್ಕೆ ಮಗಳ ಯೋಗದ ಚಾಪೆ. ಎಲ್ಲದರ ಮೇಲೆ ಅಳಿಯನ ಕಾರಿಗೆ ಹೊದಿಸುವ ಬೂದುಬಣ್ಣದ ಕವರು. ಗಾಳಿಗೆ ಹಾರದಿರಲಿ ಎಂದು ಸುತ್ತಲೂ ಬಟ್ಟೆ ಕ್ಲಿಪ್ಪು. ಕ್ಲಿಪ್ಪು ಸಾಲದೇ ಹೋದಲ್ಲಿ ಕೂದಲಿಗೆ ಹಾಕುವ ರಬ್ಬರ್ ಬ್ಯಾಂಡು. ಪಕ್ಕದ ಮನೆಯ ಫಿಲಿಪಿನೋ ಮುದುಕಿ ಬೇಲಿಯ ಆಚೆಯಿಂದ ನೋಡಿ ನಕ್ಕು ಕೈ ಬೀಸಿದಳು. ನನಗೆ ಕೈ ಎತ್ತುವ ಮನಸ್ಸಾಗಲಿಲ್ಲ.

ಒಂದು ಕೌದಿ ಹೊಲಿಯಲು ಎಷ್ಟು ದಿನ ಬೇಕು, ಗೊತ್ತೇ ನಿಮಗೆ? ಹಳೆಯ ಸೀರೆ, ಹಳೆಯ ಧೋತರ, ಚೂರು ಚೂರು ಸೇರಿಸಿ ತಿಂಗಳುಗಟ್ಟಲೆ ಸೂಜಿ ಹಿಡಿಯಬೇಕು. ಅವೆಲ್ಲ ರಾತ್ರಿಯ ಇಬ್ಬನಿಗೆ ತೊಯ್ದು ಹಸಿ ಚರ್ಮದ ಹಾಗೆ ಜೋತುಬಿದ್ದಿದ್ದವು. ಮೊದಲ ಸಿಟ್ಟು ಬಂದದ್ದು ಅದಕ್ಕೆ. ಎರಡನೆಯ ಸಿಟ್ಟು ಒಳಗೆ ಹೋಗಿ ನೋಡಿದ ಮೇಲೆ ಬಂತು.

(ಈ ಅಂಕಣದ ಹೊಸ ಓದುಗರಿಗೆ ಸ್ವಲ್ಪ ಹೇಳಬೇಕು. ಹಳಬರು ಮೂರು ಪ್ಯಾರಾ ಹಾರಿಸಿ ಮುಂದೆ ಹೋಗಿ.)

ನಾನು ಸವಣೂರಿನವಳು. ಅಪ್ಪನದು ಎಲೆತೋಟ. ನಮ್ಮ ಕಡೆ ಎಲೆ ಅಂದರೆ ವೀಳ್ಯದೆಲೆ, ಬೇರೆ ಯಾವುದಕ್ಕೂ ಆ ಹೆಸರು ಸಲ್ಲುವುದಿಲ್ಲ. ಮೂರನೆಯ ಇಯತ್ತೆಗೆ ಶಾಲೆ ಬಿಡಿಸಿದರು. ಓದಿನಲ್ಲಿ ನನಗೆ ಬರುವುದು ಇಷ್ಟೇ, ಎಲೆಯಲ್ಲಿ ಎಲ್ಲ ಬರುತ್ತದೆ. ಈಗ ಅಮೆರಿಕದ ಸ್ಯಾನ್ ಡಿಯಾಗೋ ಊರಿನ ಮೀರಾ ಮೆಸಾ ಬಡಾವಣೆಯಲ್ಲಿ, ಮಗಳ ಮನೆಯಲ್ಲಿದ್ದೇನೆ. ಏಳು ವರ್ಷದ ಹಿಂದೆ ಆ ಫಿಲಿಪಿನೋ ಮುದುಕಿ ತನ್ನ ಕುಂಡದಿಂದ ಗೇಣುದ್ದ ಬಳ್ಳಿ ಕತ್ತರಿಸಿ ಕೊಟ್ಟಳು. ಅವಳ ಭಾಷೆ ನನಗೆ ಬಾರದು, ನನ್ನದು ಅವಳಿಗೆ ಬಾರದು. ಆದರೆ ಇಬ್ಬರ ನಾಲಿಗೆಯೂ ಕೆಂಪಗಿತ್ತು, ಅಷ್ಟು ಸಾಕಾಯಿತು.

ಸ್ಯಾನ್ ಡಿಯಾಗೋದಲ್ಲಿ ಚಳಿ ಎಲ್ಲಿದೆ, ಗ್ರೀನ್‌ಹೌಸ್ ಯಾಕೆ ಎಂದು ಕೇಳುವವರಿದ್ದಾರೆ. ಅವರು ಸಮುದ್ರದ ದಂಡೆಯ ಮೇಲೆ ಮನೆ ಮಾಡಿದವರು. ನಮ್ಮ ಹಿತ್ತಲಲ್ಲಿ ಜನವರಿಯ ಬೆಳಗ್ಗೆ ಹುಲ್ಲಿನ ಮೇಲೆ ನಡೆದು ನೋಡಿ, ಪಾದ ಹೇಳುತ್ತದೆ. ಎಲೆಬಳ್ಳಿಗೆ ನೆರಳು ಬೇಕು, ತೇವ ಬೇಕು, ಬೆಚ್ಚಗೂ ಇರಬೇಕು. ನಾಜೂಕಿನ ಸೊಸೆ ಇದ್ದ ಹಾಗೆ. ಅದಕ್ಕೇ ಅಳಿಯ ಪ್ರಕಾಶ ಪೈಪು ಬಗ್ಗಿಸಿ, ದಪ್ಪ ಪ್ಲಾಸ್ಟಿಕ್ ಬಿಗಿದು ಕೋಣೆಯಷ್ಟು ದೊಡ್ಡ ಗ್ರೀನ್‌ಹೌಸ್ ಕಟ್ಟಿಕೊಟ್ಟ. ಮಿಕ್ಕದ್ದು ನನ್ನ ಕಾರುಬಾರು. ಪಾರ್ಸೆಲ್ಲಿನ ಜೊತೆ ಬರುವ ಗುಳ್ಳೆ ಪ್ಲಾಸ್ಟಿಕ್ ಬಿಸಾಡದೆ ಒಳಗೋಡೆಗೆಲ್ಲ ಅಂಟಿಸಿದ್ದೇನೆ. ಹಾಲಿನ ಗ್ಯಾಲನ್ ಡಬ್ಬಿಗಳಿಗೆ ಕಪ್ಪು ಬಣ್ಣ ಬಳಿದು, ನೀರು ತುಂಬಿ ಸಾಲಾಗಿ ಇಟ್ಟಿದ್ದೇನೆ. ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಬೆಚ್ಚಗೆ ಉಸಿರು ಬಿಡುತ್ತವೆ. ಸಂಜೆ ನಾಲ್ಕಕ್ಕೆ ಬಾಗಿಲು ಮುಚ್ಚುವುದು. ನೀರು ಬೆಳಗ್ಗೆ ಮಾತ್ರ, ಸಂಜೆ ಹಾಕಿದರೆ ಬೇರಿಗೆ ಶೀತ. ಇಷ್ಟಕ್ಕೂ ಬಗ್ಗದ ಚಳಿ ಬಂದರೆ ಒಂದು ಹೀಟರ್ ಇದೆ. ಅದರ ಪ್ಲಗ್ಗನ್ನು ಮಾತ್ರ ಕಿತ್ತೇ ಇಡುತ್ತೇನೆ. ಕರೆಂಟಿನ ಮೇಲೆ ನನಗೆ ನಂಬಿಕೆ ಇಲ್ಲ.

ಈ ಮನೆಯಲ್ಲಿ ಆ ಬಳ್ಳಿಯ ಹತ್ತಿರ ಹೋಗುವವರು ಇಬ್ಬರೇ. ನಾನು, ಮತ್ತು ಹದಿನೇಳರ ಮೊಮ್ಮಗಳು ಮೇಘಾ. ಮಗಳಿಗೆ ಫಾರ್ಮಸಿಯ ಡ್ಯೂಟಿ, ಅಳಿಯನಿಗೆ ಕಂಪ್ಯೂಟರು. ನನಗೆ ಎಪ್ಪತ್ತೆರಡು. ನಾನು ಹೋದ ಮೇಲೆ ಈ ಬಳ್ಳಿಗೆ ಮೇಘಾ ಒಬ್ಬಳೇ ಗತಿ. ಇದನ್ನು ಅವಳಿಗೆ ಬಾಯಿಬಿಟ್ಟು ಹೇಳಿಲ್ಲ. ಹೇಳಿದರೆ ಹುಡುಗಿಯರು ಓಡಿಹೋಗುತ್ತಾರೆ.

ಈಗ ಆ ಭಾನುವಾರದ ಹಿಂದಿನ ದಿನಕ್ಕೆ, ಶನಿವಾರಕ್ಕೆ ಬರೋಣ. ಅಳಿಯನ ಗೆಳೆಯರೊಬ್ಬರು ಎರಡು ತಾಸಿನ ದಾರಿಯ ರೆಡೊಂಡೊ ಬೀಚಿನಲ್ಲಿ ಮನೆ ತೆಗೆದುಕೊಂಡು ಗೃಹಪ್ರವೇಶ ಇಟ್ಟುಕೊಂಡಿದ್ದರು. ತಾಂಬೂಲಕ್ಕೆ ನನ್ನದೇ ಎಲೆ. ಹಸಿ ಬಟ್ಟೆಯಲ್ಲಿ ಸುತ್ತಿಕೊಂಡು ಅಳಿಯನ ಜೊತೆ ಹೊರಟೆ. ಮಗಳಿಗೆ ಡ್ಯೂಟಿ, ರಾತ್ರಿ ಮನೆಗೆ ಬರುವವಳು. ಮೇಘಾ ಹೊಟ್ಟೆ ನೋವೆಂದು ಹಿಂದೆ ಉಳಿದಳು. ನಾವು ಅಲ್ಲೇ ಉಳಿದು ಭಾನುವಾರ ನಸುಕಿಗೇ ಹಿಂತಿರುಗುವುದೆಂದು ಮಾತಾಗಿತ್ತು.

ಮಧ್ಯಾಹ್ನ ಊಟವಾದ ಮೇಲೆ ಟಿವಿಯಲ್ಲಿ ಹವಾಮಾನ ಬಂತು. ಒಳನಾಡಿನಲ್ಲಿ ಇಪ್ಪತ್ತೆಂಟಕ್ಕೆ ಇಳಿಯುತ್ತದಂತೆ. ಇಪ್ಪತ್ತೆಂಟು ಅಂದರೆ ಸವಣೂರಿನಲ್ಲಿ ಹಾಯಾದ ಹವೆ. ಇಲ್ಲಿಯ ಲೆಕ್ಕ ಬೇರೆ, ಮೂವತ್ತೆರಡಕ್ಕೇ ನೀರು ಕಲ್ಲಾಗುತ್ತದೆ ಎಂದು ಅಳಿಯ ಎಂದೋ ತಿಳಿಸಿಕೊಟ್ಟಿದ್ದ. ಕೂಡಲೇ ಮೇಘಾಳಿಗೆ ಫೋನು ಹಚ್ಚಿಸಿದೆ. ಗ್ರೀನ್‌ಹೌಸ್ ಒಳಗೆ ಹೋಗು, ಹೀಟರಿನ ಪ್ಲಗ್ಗು ಹಾಕು, ಬಾಗಿಲು ಮುಚ್ಚು, ಮೂರೇ ಕೆಲಸ ಎಂದೆ. ‘ಓಕೆ ಅಜ್ಜಿ’ ಎಂದಳು. ಓಕೆ ಅಂದ ಮೇಲೆ ಮುಗಿಯಿತಲ್ಲ? ನಾನು ನಿಶ್ಚಿಂತೆಯಿಂದ ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.

ಮರುದಿನ ಕೌದಿ ಸರಿಸಿ ಒಳಗೆ ಹೋದರೆ ಹೀಟರ್ ಇದ್ದಲ್ಲೇ ಇದೆ. ಪ್ಲಗ್ಗು ನಾನು ಕಿತ್ತಿಟ್ಟ ಹಾಗೇ ಬಿದ್ದಿದೆ. ಮೇಲಿನ ಬಳ್ಳಿ ಕಪ್ಪಾಗಿ ಬೇಯಿಸಿದ ಪಾಲಕ್ಕಿನಂತೆ ಹಗ್ಗಕ್ಕೆ ಜೋತುಬಿದ್ದಿದೆ. ಏಳು ವರ್ಷ. ಅತ್ತೆನೆಂದುಕೊಳ್ಳಬೇಡಿ. ಅಳುವ ಹೆಂಗಸು ನಾನಲ್ಲ, ಬೈಯುವವಳು. ನೆಟ್ಟಗೆ ಅಡುಗೆಮನೆಗೆ ಹೋದೆ.

ಮೇಘಾ ಸೀರಿಯಲ್ ತಿನ್ನುತ್ತಿದ್ದಳು. ಎದುರಿಗೆ ಅವಳಪ್ಪ ಕಾಫಿ ಕುಡಿಯುತ್ತಿದ್ದ.

“ಹೀಟರ್ ಯಾಕ ಹಚ್ಚಲಿಲ್ಲ ನೀ?”

ಹಾಲಿನಲ್ಲಿ ಚಮಚ ತಿರುವುತ್ತಿದ್ದಾಳೆ.

“ಒಳಗ ಹೋಗಿ ಒಂದು ಪ್ಲಗ್ ಹಾಕಾಕ ನಿನಗ ಕೈ ಸೇದಿದ್ವೇನು? ಅದನ್ನ ಬಿಟ್ಟು ನನ್ನ ಕೌದಿ ಎಲ್ಲಾ ಹಸೀ ಮಾಡಿಟ್ಟಿ.”

“ಐ ಕುಡಂಟ್ ಗೋ ಇನ್, ಅಜ್ಜಿ.”

“ಯಾಕ, ಬಾಗಲಕ್ಕ ಹುಲಿ ಕುಂತಿತ್ತೇನು?”

“ಯೂ ಟೋಲ್ಡ್ ಮಿ ನಾಟ್ ಟು.”

“ನಾ ಯಾವಾಗ ಹೇಳಿದೆ? ಹೋಗು ಅಂತ ಫೋನ್ ಮಾಡಿದಾಕಿ ನಾನ.”

ಅವಳು ಅಪ್ಪನ ಕಡೆ ನೋಡಿದಳು. ಅಳಿಯ ಜಾಣ. ಕಾರಿನಲ್ಲಿ ಏನೋ ಮರೆತೆನೆಂದು ಕಪ್ಪು ಹಿಡಿದುಕೊಂಡೇ ಗ್ಯಾರೇಜಿಗೆ ನಡೆದ. ಆಮೇಲೆ ಹುಡುಗಿ ಬಟ್ಟಲಿನೊಳಗೇ ಮಾತಾಡಿದಳು.

“ಐ ಹ್ಯಾವ್ ಮೈ ಪೀರಿಯಡ್. ಯೂ ಸೆಡ್ ದ ವೈನ್ ವುಡ್ ಡೈ.”

ಹೌದು, ಹೇಳಿದ್ದೆ. ಅವಳು ಹನ್ನೆರಡಕ್ಕೆ ದೊಡ್ಡವಳಾದಾಗ. ಎಲೆತೋಟದ ಕಟ್ಟುಗಳು ಎರಡು: ಚಪ್ಪಲಿ ಹಾಕಿಕೊಂಡು ಒಳಗೆ ಹೋಗಬಾರದು, ಆ ದಿನಗಳಲ್ಲಿ ಹೆಂಗಸರು ಹೋಗಬಾರದು, ಹೋದರೆ ಬಳ್ಳಿ ಸಾಯುತ್ತದೆ. ಸಾರಿಗೆ ಉಪ್ಪು ಎಷ್ಟು ಅಂತ ಹೇಳುವ ಹಾಗೆ ಹೇಳಿ ಮರೆತಿದ್ದೆ. ನನಗೆ ಅದೆಲ್ಲ ನಿಂತು ಇಪ್ಪತ್ತು ವರ್ಷವಾಯಿತು. ಆ ಕಟ್ಟಿನಿಂದ ನನಗೇನು ತೊಂದರೆ? ಹುಡುಗಿ ಮರೆತಿರಲಿಲ್ಲ. ತಿಂಗಳಿಗೆ ನಾಲ್ಕು ದಿನ ‘ಹೋಮ್‌ವರ್ಕ್ ಇದೆ ಅಜ್ಜಿ’ ಎಂದು ಹಿತ್ತಲಿಗೆ ಬರುತ್ತಿರಲಿಲ್ಲ. ಐದು ವರ್ಷದಿಂದ! ಇಲ್ಲಿಯ ಶಾಲೆಯವರು ಬಹಳ ಓದಿಸುತ್ತಾರೆ ಎಂದು ನಾನು ನಂಬಿಕೊಂಡಿದ್ದೆ.

ಫೋನಿನಲ್ಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಸ್ಪೀಕರ್ ಹಾಕಿದ್ದಿರಿ, ಅಂಕಲ್‌ಗಳೆಲ್ಲ ಮಾತಾಡುವುದು ಕೇಳಿಸುತ್ತಿತ್ತು ಎಂದಳು. ನಿಜ. ನನ್ನ ಕಿವಿ ಮಂದವೆಂದು ಅಳಿಯ ಯಾವಾಗಲೂ ಸ್ಪೀಕರ್ ಹಾಕಿಯೇ ಕೊಡುತ್ತಾನೆ. ಹತ್ತು ಜನ ಗಂಡಸರ ಕಿವಿಗೆ ಬೀಳುವ ಹಾಗೆ ಆ ಮಗು ಏನಂತ ಹೇಳಬೇಕಿತ್ತು?

ಆಮೇಲೆ ಒಂದೊಂದೇ ಹೊರಗೆ ಬಂತು. ಒಳಗೆ ಹೋಗುವ ಹಾಗಿಲ್ಲ, ಬಳ್ಳಿ ಸಾಯಲು ಬಿಡುವ ಹಾಗೂ ಇಲ್ಲ. ಕತ್ತಲಾಗುವ ಮೊದಲೇ ಬಾಗಿಲನ್ನು ಹೊರಗಿನಿಂದ ಮುಚ್ಚಿದ್ದಾಳೆ. ಮನೆಯಲ್ಲಿದ್ದ ಹೊದಿಕೆ ಎಲ್ಲ ತಂದು ಹೊದಿಸಿದ್ದಾಳೆ. ಅಷ್ಟಕ್ಕೆ ಸಮಾಧಾನವಾಗದೆ, ಕ್ರಿಸ್‌ಮಸ್ಸಿಗೆ ಮನೆಯ ಮುಂದೆ ತೂಗುಹಾಕುವ ಬಲ್ಬಿನ ಸರಗಳನ್ನು ಗ್ಯಾರೇಜಿನಿಂದ ತಂದು, ಪ್ಲಾಸ್ಟಿಕ್ಕಿನ ಬುಡ ಎತ್ತಿ, ಪೊರಕೆಯ ಕೋಲಿನಿಂದ ಒಳಗೆ ನೂಕಿದ್ದಾಳೆ. ಆ ಬಲ್ಬುಗಳು ಕೈಗೆ ಬಿಸಿಯಾಗಿ ತಾಗುವುದು ಅವಳಿಗೆ ಗೊತ್ತಿತ್ತು. ವೈರಿನ ತುದಿಯನ್ನು ಮನೆಯ ಗೋಡೆಯ ಪ್ಲಗ್ಗಿಗೆ ಹಾಕಿ, ಅಮ್ಮ ಬರುವ ತನಕ ಕಿಟಕಿಯಲ್ಲಿ ಕಾವಲು ಕೂತಿದ್ದಾಳೆ. ಅವರಮ್ಮ ಬಂದು, ಇದೇನು ಜನವರಿಯಲ್ಲಿ ಕ್ರಿಸ್‌ಮಸ್ಸು ಎಂದು ಕೇಳಿ ಮಲಗಿದಳಂತೆ. ಬಲ್ಬಿನ ಬಿಸಿಯೇ ಸಾಕೆಂದು ಇವಳೂ ಹೀಟರಿನ ಮಾತು ಎತ್ತಲಿಲ್ಲ.

‘ಐ ಡಿಡಂಟ್ ಈವನ್ ಪುಟ್ ಮೈ ಹ್ಯಾಂಡ್ ಇನ್’ ಎಂದು ಮೇಘಾ ಎರಡು ಸಲ ಹೇಳಿದಳು.

ಇಂಥದ್ದನ್ನು ಬೈಯುವುದು ಹೇಗೆ? ನಾನು ಸ್ಟೂಲಿನ ಮೇಲೆ ಕೂತೆ.

ಸವಣೂರಿನಲ್ಲಿ ನಾನು ದೊಡ್ಡವಳಾದಾಗ ನನಗೂ ಹನ್ನೆರಡೇ ವಯಸ್ಸು. ಅಲ್ಲಿಯವರೆಗೆ ತೋಟದಲ್ಲಿ ಅಪ್ಪನ ಹಿಂದೆ ಬುಟ್ಟಿ ಹೊತ್ತು ತಿರುಗಿದವಳು. ಯಾವ ಎಲೆ ಕೊಯ್ಯಬೇಕು, ಯಾವುದನ್ನು ಬಿಡಬೇಕು, ಅಣ್ಣಂದಿರಿಗಿಂತ ನನಗೇ ಚೆನ್ನಾಗಿ ತಿಳಿಯುತ್ತಿತ್ತು. ಒಂದು ದಿನ ಬೇಲಿಯ ಹತ್ತಿರ ಅವ್ವ ಕೈ ಅಡ್ಡ ಹಿಡಿದಳು. ನಾಲ್ಕು ದಿನ ಮಾತ್ರ ಎಂದಳು. ಆ ಮೇಲೆ ಯಾವ ದಿನ ಯಾವುದೋ ಯಾರಿಗೆ ಗೊತ್ತು, ಹೋಗದಿರುವುದೇ ಲೇಸು ಎಂದು ಉಳಿದ ದಿನವೂ ನಿಂತಿತು. ತೋಟ ಅಣ್ಣಂದಿರದಾಯಿತು. ನಾನು ಯಾಕೆಂದು ಕೇಳಲಿಲ್ಲ. ಕೇಳುವ ಕಾಲ ಅದಲ್ಲ ಎನ್ನುತ್ತೀರಿ. ಸರಿ. ಆದರೆ ಅದನ್ನೇ ಗಂಟು ಕಟ್ಟಿ ಇಲ್ಲಿಯವರೆಗೆ ಹೊತ್ತು ತಂದು ಈ ಹುಡುಗಿಗೆ ಕೊಟ್ಟೆನಲ್ಲ, ಅದು ಯಾರ ತಪ್ಪು?

“ನಡಿ ಒಳಗ” ಎಂದೆ.

“ಇಟ್ಸ್ ಓನ್ಲಿ ದ ಸೆಕೆಂಡ್ ಡೇ, ಅಜ್ಜಿ.”

“ನಡಿ ಅಂದ್ರ ನಡಿ.”

ಬಾಗಿಲಲ್ಲಿ ಚಪ್ಪಲಿ ಬಿಟ್ಟಳು. (ಅದನ್ನು ನಾನು ಸಡಿಲ ಮಾಡಿಲ್ಲ. ಊಟದ ಎಲೆಯ ಹತ್ತಿರ ಚಪ್ಪಲಿ ತರುತ್ತೀರಾ?) ಹೊಸ್ತಿಲು ದಾಟದೆ ನಿಂತೇ ಇದ್ದಳು. ಮುಖ ಸಪ್ಪಗಿತ್ತು. ತಾನು ಒಳಗೆ ಬಂದ ಮೇಲೆ ಬಳ್ಳಿ ಪೂರ್ತಿ ಸತ್ತುಹೋದರೆ ಎಂದು ತನ್ನ ಮುರುಕು ಕನ್ನಡದಲ್ಲಿ ಕೇಳಿದಳು. ಆಗ ಗೊತ್ತಾಯಿತು ನನಗೆ, ಈ ಹುಡುಗಿ ಅದನ್ನು ನಿಜವಾಗಿಯೂ ನಂಬಿದ್ದಾಳೆ ಎಂದು. ಬಯಾಲಜಿಯಲ್ಲಿ ಎ ತೆಗೆಯುವವಳು! ನಾನು ಹೇಳಿದ್ದೆ ಎಂಬ ಒಂದೇ ಕಾರಣಕ್ಕೆ ನಂಬಿದ್ದಾಳೆ.

“ಸತ್ತರ ಚಳಿಗೆ ಸತ್ತೀತು. ನಿನಗಲ್ಲ” ಎಂದೆ. ಕೈ ಹಿಡಿದು ಎಳೆದುಕೊಂಡೆ.

ಒಳಗೆ ಬಂದವಳು ನನಗಿಂತ ಮೊದಲು ಕಂಡಳು. ಬಲ್ಬಿನ ಸರ ಗುಡ್ಡೆಯಾಗಿ ಬಿದ್ದಿದ್ದ ಮೂಲೆಯಲ್ಲಿ ಬಳ್ಳಿಯ ಬುಡ ಹಸಿರಾಗಿತ್ತು. ಮೊಣಕಾಲೆತ್ತರದ ತನಕ ಎಲೆಗಳು ಗಟ್ಟಿಯಾಗಿ ನಿಂತಿದ್ದವು. ಸಿಟ್ಟಿನಲ್ಲಿ ನಾನು ಮೇಲೆ ಮಾತ್ರ ನೋಡಿ ಬಂದಿದ್ದೆ. ಮೇಘಾ ಕತ್ತರಿಗೆ ಕೈ ಹಾಕಿದಳು, ನಾನು ತಡೆದೆ. ನೀವೂ ನೆನಪಿಡಿ, ಚಳಿಗೆ ಕಪ್ಪಾದದ್ದನ್ನು ಅವಸರದಲ್ಲಿ ಕತ್ತರಿಸಬಾರದು. ಸತ್ತ ಎಲೆಯೂ ಕೆಳಗಿನದಕ್ಕೆ ಮರೆಯಾಗಿ ಚಳಿ ತಡೆಯುತ್ತದೆ. ಹವೆ ಬೆಚ್ಚಗಾಗಿ, ಚಿಗುರು ಎಲ್ಲಿಂದ ಬರುತ್ತದೆ ನೋಡಿಕೊಂಡು ಕತ್ತರಿ ಹಚ್ಚಬೇಕು.

ಉಳಿದ ಎರಡು ದಿನವೂ ಸಂಜೆ ನಾಲ್ಕಕ್ಕೆ ಅವಳೇ ಹೋಗಿ ಪ್ಲಗ್ಗು ಹಾಕಿ ಬಂದಳು. ಆ ಎರಡು ದಿನ ಹೋಮ್‌ವರ್ಕ್ ಇರಲಿಲ್ಲ.

ಕಳೆದ ಮಂಗಳವಾರ ಚಿಗುರು ಬಂತು. ಗುಬ್ಬಿಯ ನಾಲಿಗೆಯಷ್ಟು, ಎರಡು ಕಡೆ.

ಹಾಗಂತ ನಾನು ಪೂರ್ತಿ ಬದಲಾಗಿಬಿಟ್ಟೆನೆಂದು ಯಾರೂ ಫೋನು ಮಾಡಿ ಹೊಗಳಬೇಡಿ. ದೇವರ ಮನೆಯ ವಿಚಾರ ಇನ್ನೂ ಇತ್ಯರ್ಥವಾಗಿಲ್ಲ. ಮೇಘಾ ಕೇಳಿದ್ದಾಳೆ, ನಾನು ಯೋಚಿಸುತ್ತೇನೆ ಎಂದಿದ್ದೇನೆ. ಎಪ್ಪತ್ತೆರಡು ವರ್ಷದ ಗಂಟು, ಮೂರೇ ವಾರದಲ್ಲಿ ಬಿಚ್ಚುವುದೆಂದರೆ ಹೇಗೆ?

ಚಿಗುರು ನೋಡಲು ಜುಬೇದಾ ಬಂದಿದ್ದಳು. ಮೈಸೂರಿನವಳು, ಹಿಂದಿನ ಬೀದಿಯಲ್ಲಿ ಮನೆ, ದಿನಾ ಮಧ್ಯಾಹ್ನ ನನ್ನ ಜೊತೆ ಕೂತು ಎಲೆ ಹಾಕುವವಳು. ಬಳ್ಳಿ ಚಳಿಗೆ ಸುಟ್ಟಾಗಿನಿಂದ ಬರೀ ಅಡಿಕೆ ಅಗಿದು ಅವಳ ಮುಖ ಸಣ್ಣಗಾಗಿತ್ತು. ಮೇಘಾ ಪಕ್ಕದಲ್ಲೇ ಡಬ್ಬಿಗಳಿಗೆ ನೀರು ತುಂಬುತ್ತಿದ್ದಳು. ನಾನು ಜುಬೇದಾಳಿಗೆ ನಡೆದದ್ದನ್ನೆಲ್ಲ ಹೇಳಿದೆ, ಹುಡುಗಿ ಅವತ್ತು ಮುಟ್ಟಾಗಿದ್ದಳು, ಅದಕ್ಕೇ ಒಳಗೆ ಹೋಗಲಿಲ್ಲ ಎಂದು.

“ನೋಡಿ ನೀಲಮ್ಮಾ, ನೀವು ಹಾಕಿದ ರೂಲ್ಸು ನಿಮ್ಮ ಬಾಯಿಗೇ ಎಲೆ ಇಲ್ಲದ ಹಾಗೆ ಮಾಡ್ತು” ಎಂದು ಜುಬೇದಾ ನಕ್ಕಳು. “ನನ್ನ ಬಾಯಿ ಏನು ತಪ್ಪು ಮಾಡಿತ್ತು?”

ಮೇಘಾ ನೀರಿನ ಪೈಪು ಹಿಡಿದುಕೊಂಡೇ ಈ ಕಡೆ ತಿರುಗಿದಳು.

“ವೇಟ್. ಮುಟ್ಟು ಮೀನ್ಸ್ ಟಚ್, ರೈಟ್? ಅದಕ್ಕೂ ಮುಟ್ಟು ಅಂತೀರಿ?”

ಹೌದು ಎಂದೆ.

“ದೆನ್ ವೈ ಕಾಂಟ್ ವಿ ಟಚ್ ಎನಿಥಿಂಗ್?”

ಜುಬೇದಾ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಇಬ್ಬರೂ ಹುಟ್ಟಿದಾಗಿನಿಂದ ಈ ಮಾತು ಆಡಿದವರು. ಒಂದು ದಿನವೂ ನಮ್ಮ ಕಿವಿಗೆ ಬಿದ್ದಿರಲಿಲ್ಲ. ಸಂಜೆ ಅಳಿಯನನ್ನು ಕೇಳಿದೆ. ಪಾಪ, ಅವನಿಗೆ ಮತ್ತೆ ಕಾರಿನಲ್ಲಿ ಏನೋ ನೆನಪಾಯಿತು.

ನಾನು ಮೂರನೆಯ ಇಯತ್ತೆಯವಳು. ಓದಿದವರು ನೀವು ಹೇಳಿ: ‘ಮುಟ್ಟು’ ಎಂದು ಹೆಸರಿಟ್ಟು, ಅದೇ ಬಾಯಲ್ಲಿ ‘ಮುಟ್ಟಬೇಡ’ ಎಂದವರು ಯಾರು?