ಸೊನ್ನೆಗೆ ಎಳೆದ ಸಂಗೀತ

ಹೋದ ವಾರ ಸಿರುಗುಪ್ಪದಲ್ಲಿ ನಾನು ಕೆಲಸ ಮಾಡುವ ಬಟ್ಟೆ ಅಂಗಡಿಗೆ ಬಳ್ಳಾರಿಯಿಂದ ಜೀನ್ಸ್ ಬಂಡಲ್ ಬಂತು. ಹಗ್ಗ ಕತ್ತರಿಸಿದ್ದೇ ತಡ, ಹೊಸ ಬಟ್ಟೆಯ ನೀಲಿ ಬಣ್ಣದ ವಾಸನೆ ಮೂಗಿಗೆ ಬಡಿಯಿತು. ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಗಿರಾಕಿ ಮೂವತ್ತೆರಡರ ಸೈಜ್ ಕೇಳಿದರೆ ಮೂವತ್ತೆಂಟು ತೆಗೆದುಕೊಟ್ಟೆ. ಮನಸ್ಸು ಆಗಲೇ ಬಳ್ಳಾರಿಯಲ್ಲಿ ನಾನು ಮೊದಲು ಕೆಲಸ ಮಾಡುತ್ತಿದ್ದ ಹೊಲಿಗೆ ಶೆಡ್ಡಿಗೆ, ಅಕ್ಕನ ಹತ್ತಿರ ಹೋಗಿ ಕೂತಿತ್ತು.

ಒಡಹುಟ್ಟಿದ ಅಕ್ಕ ಅಲ್ಲ. ಶೆಡ್ಡಿನಲ್ಲಿ ಎಲ್ಲರೂ ಅವಳನ್ನು ಹಾಗೇ ಕರೆಯುತ್ತಿದ್ದರು. ನಲವತ್ತು ದಾಟಿದವಳು, ಹದಿನೈದು ವರ್ಷದಿಂದ ಅದೇ ಮಿಷನ್ ಮುಂದೆ ಕೂತು ಪ್ಯಾಂಟಿನ ಕಾಲು ಜೋಡಿಸುತ್ತಿದ್ದಳು. ನಾನು ಹಚ್ಚೊಳ್ಳಿಯಿಂದ ಬಂದು, ಪಕ್ಕದ ಮೇಜಿನಲ್ಲಿ ದಾರದ ತುದಿ ಕತ್ತರಿಸುವ ಕೆಲಸಕ್ಕೆ ಸೇರಿದ್ದೆ. ಊಟದ ಬಿಡುವಿನಲ್ಲಿ ನಾನು ಫೋನಿನಲ್ಲಿ ಬಂದೂಕಿನ ಆಟ ಆಡುವುದನ್ನು ನೋಡಿ ನೋಡಿ, ಒಂದು ದಿನ ತಾನೇ ಕೇಳಿ ಕಲಿತಳು. ತಿಂಗಳೊಳಗೆ ಅವಳ ಗುರಿ ನನ್ನದಕ್ಕಿಂತ ಚೆನ್ನಾಯಿತು. ದಿನವಿಡೀ ಸೂಜಿಯ ಮೇಲೆ ಕಣ್ಣಿಟ್ಟವಳಿಗೆ ಅದೇನು ಮಹಾ...

ನನ್ನದು ಒಂದೇ ತಕರಾರು. ಆಟದ ಹಿನ್ನೆಲೆ ಸಂಗೀತವನ್ನು ಅವಳು ನನ್ನ ಕೈಯಿಂದಲೇ ಪೂರ್ತಿ ಏರಿಸಿಟ್ಟುಕೊಂಡಿದ್ದಳು. ಗೆಲ್ಲಬೇಕೆನ್ನುವವರು ಯಾರೂ ಹಾಗೆ ಮಾಡುವುದಿಲ್ಲ. ಸಂಗೀತ ಬಂದ್ ಮಾಡಿ, ಇಯರ್‌ಫೋನ್ ಹಾಕಿಕೊಂಡು, ಎದುರಾಳಿಯ ಹೆಜ್ಜೆ ಸಪ್ಪಳ ಯಾವ ಕಡೆಯಿಂದ ಬರುತ್ತದೆ ಎಂದು ಕಿವಿಗೊಟ್ಟು ಕೂರುತ್ತಾರೆ. ಅಕ್ಕ ಮಾತ್ರ ಡೋಲಿನ ಬಡಿತಕ್ಕೆ ತಲೆಯಾಡಿಸುತ್ತಾ ಆಡುವಳು, ಹಿಂದಿನಿಂದ ಬಂದವನ ಗುಂಡು ತಿಂದು ಬೀಳುವಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಅಕ್ಕಾ, ಆ ಹಾಡು ಬಂದ್ ಮಾಡು. ಹೆಜ್ಜಿ ಸಪ್ಪಳ ಕೇಳಂಗಿಲ್ಲ ನಿನಗ," ಎನ್ನುತ್ತಿದ್ದೆ.

"ಹಾಡಿಲ್ದ ನನಗಾಗಂಗಿಲ್ಲ ತಂಗಿ, ಇರ್ಲಿ ಬಿಡು," ಎಂದು ನಗುತ್ತಿದ್ದಳು. ಯಾಕೆ ಆಗುವುದಿಲ್ಲ ಎಂದು ನಾನು ಒಂದು ದಿನವೂ ಕೇಳಲಿಲ್ಲ. ಅಷ್ಟು ತಾಳ್ಮೆ ನನಗೆಲ್ಲಿತ್ತು?

ಭಾನುವಾರ ಮಧ್ಯಾಹ್ನ ಅಕ್ಕನ ಮನೆಯಲ್ಲಿ ಕೂತು ಕುರುಗೋಡಿನ ಇಬ್ಬರು ಅಣ್ಣತಮ್ಮಂದಿರ ವಿರುದ್ಧ ಆನ್‌ಲೈನಿನಲ್ಲಿ ಆಡುತ್ತಿದ್ದೆವು. ಪ್ರತಿ ಸಲವೂ ಸೋಲುತ್ತಿದ್ದೆವು. ಸೋಲಿಸಿದ್ದು ಸಾಲದೆಂದು ಅಣ್ಣ ಮೈಕಿನಲ್ಲಿ, "ಯಾಕ್ರಿ, ಪ್ಯಾಂಟ್ ಹೊಲಿಯೋದ ಚಲೋ ಇತ್ತಲ್ಲರಿ," ಎಂದು ಛೇಡಿಸುವನು. ಅಕ್ಕ ನಕ್ಕುಬಿಡುವಳು. ನನಗೆ ಮಾತ್ರ ಇಡೀ ವಾರ ಚುಚ್ಚುತ್ತಿತ್ತು.

ಒಂದು ಭಾನುವಾರ ಅವಳು ಚಹಾ ಇಡಲು ಒಳಗೆ ಹೋದಾಗ ಅವಳ ಫೋನ್ ತೆಗೆದುಕೊಂಡು ಸಂಗೀತವನ್ನು ಸೊನ್ನೆಗೆ ಎಳೆದಿಟ್ಟೆ. ಅವಳು ಸೆಟ್ಟಿಂಗ್ಸ್ ಮುಟ್ಟುವವಳಲ್ಲ. ಮೊದಲಿಂದಲೂ ಅದನ್ನೆಲ್ಲ ಮಾಡಿಕೊಡುತ್ತಿದ್ದವಳು ನಾನೇ.

ಅವತ್ತು ಗೆದ್ದೆವು. ಗೋಡೆಯ ಹಿಂದಿನಿಂದ ಬಂದ ತಮ್ಮನನ್ನು ಅಕ್ಕ ತಟ್ಟನೆ ತಿರುಗಿ ಹೊಡೆದಳು, ಅಣ್ಣನನ್ನು ನಾನು ಕೆಡವಿದೆ. ಕುಣಿದಾಡಿಬಿಟ್ಟೆ. ಅಕ್ಕ ಫೋನ್ ಕೆಳಗಿಟ್ಟು ಎರಡೂ ಅಂಗೈಯಿಂದ ಕಿವಿ ಒತ್ತಿಕೊಂಡು ಕೂತಿದ್ದಳು.

"ಯಾಕಕ್ಕಾ?"

"ಹಾಡ ಕೇಳಲಿಲ್ಲ ತಂಗಿ. ಬರೇ ಹೆಜ್ಜಿ ಸಪ್ಪಳ, ಮಿಷನ್ ಸಪ್ಪಳ."

"ಇಲ್ಲಿ ಮಿಷನ್ ಎಲ್ಲೈತಿ?"

"ಕಿವ್ಯಾಗ ಐತಿ. ಸುಮ್ಮ ಕುಂತ್ರ ಸಾಕು, ಓಡಾಕ ಹತ್ತತೈತಿ. ಹಾಡು ಹಚ್ಚಿದ್ರ ಅದರಾಗ ಮುಚ್ಚಿ ಹೋಗ್ತಿತ್ತು. ಇವತ್ತು ಹಾಡ ಬರಲಿಲ್ಲ..." ಎಂದು ಫೋನ್ ನನ್ನ ಕೈಗೆ ಕೊಟ್ಟಳು. "ಇದಕ್ಕ ಏನರ ಆಗೇತೇನು ನೋಡು."

ಆ ಹೊತ್ತಿಗೆ ಬೆರಳಿಂದ ಒಂದು ಸಲ ಎಳೆದಿದ್ದರೆ ಮುಗಿಯುತ್ತಿತ್ತು. ಆದರೆ ಎಳೆದರೆ ನನ್ನ ಕಳ್ಳತನ ಗೊತ್ತಾಗುತ್ತದೆ. ಫೋನನ್ನು ಆಚೆ ಈಚೆ ತಿರುಗಿಸಿ ನೋಡಿದಂತೆ ಮಾಡಿ, "ಫೋನ್ ಬರೋಬರಿ ಐತಿ," ಎಂದೆ.

"ಹಂಗಾರ ಕಿವೀನ ಹೋದ್ವು," ಎಂದಳು. ಚಹಾ ಹಾಗೇ ಆರಿತು.

ಸೋಮವಾರ ಹೇಳೋಣ ಎಂದುಕೊಂಡೆ. ಸೋಮವಾರ ಅವಳ ಮುಖ ನೋಡಿ ನಾಳೆ ಎಂದುಕೊಂಡೆ. ಅವಳು ಆಟ ಬಿಟ್ಟಳು, ತಿಂಗಳೊಳಗೆ ಕೆಲಸವನ್ನೂ ಬಿಟ್ಟು ಆದೋನಿಯಲ್ಲಿದ್ದ ತನ್ನ ತಮ್ಮನ ಮನೆಗೆ ಹೋದಳು. ಮಿಷನ್ ಬಿಟ್ಟಿದ್ದು ಅವಳ ಕಿವಿಗೆ ಒಳ್ಳೆಯದೇ ಆಯಿತು ಎಂದು ನನಗೆ ನಾನೇ ಎಷ್ಟೋ ಸಲ ಸಮಾಧಾನ ಹೇಳಿಕೊಂಡೆ. ಸಮಾಧಾನ ಮಾತ್ರ ಆಗಲಿಲ್ಲ.

ಬಂಡಲ್ ಬಿಚ್ಚಿದ ದಿನ ತಡೆಯಲಾರದೆ ಶೆಡ್ಡಿನ ಹಳೆಯ ಗೆಳತಿಗೆ ಫೋನ್ ಮಾಡಿ, ಅಕ್ಕನ ಈಗಿನ ನಂಬರ್ ಇದೆಯಾ ಎಂದು ಕೇಳಿದೆ.

"ಅಕ್ಕ ತೀರಿ ಹೋಗಿ ವರ್ಷ ಆತಲ್ಲ, ನಿನಗ ಗೊತ್ತಿಲ್ಲೇನು? ಜ್ವರ ಬಂದಿದ್ದು ನೆಪ. ತಮ್ಮನ ಮಕ್ಕಳು ಹಾಡು ಹಚ್ಚಾಕ ಹೋದ್ರ, ಬ್ಯಾಡ, ನನಗ ಹಾಡು ಕೇಳಂಗಿಲ್ಲ ಅಂತ ತಡೀತಿದ್ಲಂತ, ಕಡೀತನಕ."

ಫೋನ್ ಇಟ್ಟೆ. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಆದರೂ ಬಾಯಿಬಿಟ್ಟೇ ಹೇಳಿದೆ: "ನಿನ್ನ ಕಿವೀಗೆ ಹಾಡು ಕೇಳತಿತ್ತಕ್ಕಾ. ಬಂದ್ ಮಾಡಿದಾಕಿ ನಾನು."