ಸೂರ್ಯ ಮತ್ತು ಐದು ಹಕ್ಕಿ

ಓದೋರಿಗೆಲ್ಲಾ ನಮಸ್ಕಾರ, ಸಲಾಮ್. ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡ್ತಾ ಇದ್ದೀನಿ. ಎಲ್ಲಾದ್ರೂ ಒತ್ತು ಬಿಟ್ಟುಹೋಗಿದ್ರೆ, ದೀರ್ಘ ಮೊಟಕಾಗಿದ್ರೆ, ನಮ್ಮೋನೇ ಅಂತ ಹೊಟ್ಟೆಗೆ ಹಾಕ್ಕೊಳ್ಳಿ. ಮನೇಲಿ ಉರ್ದು, ಬೀದೀಲಿ ಅರ್ಧ ತೆಲುಗು. ಕನ್ನಡ ಓದೋದು ಕಲಿತದ್ದು ಮೂವತ್ತು ದಾಟಿದ ಮೇಲೆ.

ತಡವಾಗಿ ಓದು ಕಲಿತೋನಿಗೆ ಒಂದು ಕಾಯಿಲೆ ಇರುತ್ತೆ. ಕಂಡದ್ದೆಲ್ಲಾ ಗಟ್ಟಿಯಾಗಿ ಓದ್ತಾನೆ. ಬಸ್ ಬೋರ್ಡು, ಬೆಂಕಿಪೊಟ್ಟಣ, ಇಲ್ಲಿ ಉಗುಳಬಾರದು ಅನ್ನೋದು, ಯಾವುದನ್ನೂ ಬಿಡಲ್ಲ. ಅದರ ಜೊತೆಗೇ ಇನ್ನೊಂದು ಕಾಯಿಲೆ. ಬರೆದಿರೋದೆಲ್ಲಾ ನಿಜ ಅಂತ ನಂಬಿಬಿಡ್ತಾನೆ. ಈ ಎರಡನೇದು ನನಗೆ ವಾಸಿಯಾಗಿದ್ದು ಒಬ್ಬ ದೊಡ್ಡ ಚಿತ್ರಕಾರರ ಮನೇಲಿ.

ಎಂಬತ್ತರ ದಶಕದಲ್ಲಿ ನಾವು ಆ ಮನೇಲೇ ಬಾಡಿಗೆಗಿದ್ವಿ. ಚಿತ್ರಕಾರರು ಹುಡುಗರಾಗಿದ್ದಾಗಲೇ ಊರು ಬಿಟ್ಟು ಬೊಂಬಾಯಿಗೆ ಹೋಗಿ ಹೆಸರು ಮಾಡಿದ್ರಂತೆ. ನಮಗೇನು ಗೊತ್ತು? ಅವರು ಹುಟ್ಟಿದ ಕೋಣೇಲಿ ನಮ್ಮ ಅಬ್ಬಾ ಗೂಡು ಬೇಯಿಸಿ ರೇಷ್ಮೆ ನೂಲು ತೆಗೀತಿದ್ರು. ಆ ವಾಸನೆಗೆ ನೆಂಟರೂ ಒಳಗೆ ಬರ್ತಿರಲಿಲ್ಲ. ಚಿತ್ರಕಾರರು ತೀರಿಕೊಂಡ ಮೇಲೆ ಅವರ ಕಡೆಯೋರು ಮನೆ ಖಾಲಿ ಮಾಡಿ ಅಂದ್ರು, ನಾವು ಶಿಡ್ಲಘಟ್ಟಕ್ಕೆ ಬಂದ್ವಿ. ಕೆಲವು ವರ್ಷಕ್ಕೆ ಅದು ಮ್ಯೂಸಿಯಂ ಆಯ್ತು ಅಂತ ಸುದ್ದಿ ಬಂತು. ಅಬ್ಬಾ ಆಗ ಇರಲಿಲ್ಲ. "ಒಂದ್ಸಲ ನೋಡ್ಕೊಂಡು ಬರಣ ಕಣೋ" ಅಂದ್ರು ಅಮ್ಮಿ.

ಅಲ್ಲಿ ನೋಡ್ಕೊಳ್ತಿದ್ದೋರು ರಿಟೈರಾದ ಡ್ರಾಯಿಂಗ್ ಮೇಷ್ಟ್ರು. ತುಂಬಾ ಒಳ್ಳೇ ಮನುಷ್ಯ. ಇದ್ದ ಜನ ನಾವಿಬ್ಬರೇ ಆದ್ರೂ ಮೀಟಿಂಗಲ್ಲಿ ಮಾತಾಡೋ ಹಂಗೆ ಹೇಳ್ತಿದ್ರು. "ಬನ್ನಿ ಸಾಬ್ರೆ, ಬಾಮ್ಮ. ಈ ತೊಲೆ ನೋಡಿ, ಕಪ್ಪಗಾಗಿದೆಯಲ್ಲಾ? ಬಾಲಕ ಎಣ್ಣೆ ದೀಪದಲ್ಲಿ ಕೂತು ಚಿತ್ರ ಬರೀತಿದ್ನಂತೆ, ಅದರ ಮಸಿ!"

ಅಮ್ಮಿ ನನ್ನ ಕಿವೀಲಿ, "ನಮ್ಮ ಗೂಡು ಬೇಯಿಸೋ ಒಲೆ ಹೊಗೆ ಕಣೋ ಅದು" ಅಂದ್ರು. ನನಗೆ ನಗು ತಡೆಯಕ್ಕಾಗಲಿಲ್ಲ. ಮೇಷ್ಟ್ರು ಪಾಪ, ಮೆಚ್ಚಿಕೊಂಡ್ರು ಅಂದ್ಕೊಂಡ್ರು. ಗಾಜಿನ ಪೆಟ್ಟಿಗೇಲಿ ಕನ್ನಡಕ, ಕುಂಚ, ಒಂದು ಸವೆದ ಚಪ್ಪಲಿ. ನಾನು ಚೀಟಿ ಒಂದೂ ಬಿಡದೆ ಅಮ್ಮಿಗೆ ಓದಿ ಹೇಳ್ತಾ ಹೋದೆ, "ಮುಟ್ಟಬಾರದು" ಅನ್ನೋದನ್ನೂ ಸೇರಿಸಿ.

ಹಿಂದಿನ ಕೋಣೆಗೆ ಬಂದಾಗ ಮೇಷ್ಟ್ರು ದನಿ ತಗ್ಗಿಸಿದ್ರು. ಗೋಡೇಲಿ ಮೊಣಕಾಲೆತ್ತರಕ್ಕೆ ಒಂದು ಗಾಜು. ಕೆಳಗೆ ಚೀಟಿ. ಓದಿದೆ: "ಕಲಾವಿದರ ಮೊದಲ ಚಿತ್ರ. ಸೂರ್ಯ ಮತ್ತು ಐದು ಹಕ್ಕಿ."

"ಮಿಕ್ಕ ಗೋಡೆಗೆಲ್ಲಾ ಸುಣ್ಣ ಹೊಡೆಸಿದ್ವಿ. ಇದೊಂದು ಕಾಣಿಸ್ತು ನೋಡಿ, ಉಳಿಸ್ಕೊಂಡ್ವಿ" ಅಂದ್ರು ಮೇಷ್ಟ್ರು.

ಗಾಜಿನ ಹಿಂದೆ ಮಾಸಿದ ಕೆಂಪಿನ ಒಂದು ದುಂಡು, ಅದರ ಮೇಲೆ ಐದು ಚುಕ್ಕೆ. ಅಮ್ಮಿ ಅಲ್ಲೇ ನೆಲಕ್ಕೆ ಕೂತುಬಿಟ್ರು.

ನಮ್ಮ ಕಡೆ ಹಬ್ಬಕ್ಕೆ ಹೆಣ್ಣುಮಕ್ಕಳಿಗೆ ಗೋರಂಟಿ ಹೆಂಗೆ ಹಚ್ತಾರೆ ಗೊತ್ತಲ್ಲ? ಅಂಗೈ ನಡುವೆ ಒಂದು ದುಂಡು, ಐದು ಬೆರಳ ತುದಿಗೂ ಟೋಪಿ. ಸಾಬರ ಮನೆ, ಗೌಡರ ಮನೆ ಅಂತಿಲ್ಲ, ಎಲ್ಲಾ ಕಡೆ ಅದೇ. ರಂಜಾನ್ ಹಬ್ಬದ ಹಿಂದಿನ ದಿನ ನನ್ನ ತಂಗಿ ನೂರಿ, ಆರು ವರ್ಷದೋಳು, ಹಚ್ಚಿದ ಹಸಿ ಗೋರಂಟಿ ಕೈಯನ್ನ ಇದೇ ಗೋಡೆಗೆ ಒತ್ತಿ ಅಮ್ಮಿ ಹತ್ರ ಒದೆ ತಿಂದಿದ್ಲು. ಮುಂದಿನ ರಂಜಾನ್‌ಗೆ ಅವಳಿರಲಿಲ್ಲ. ಜ್ವರ. ಅವಳದ್ದು ಒಂದು ಫೋಟೋನೂ ನಮ್ಮ ಹತ್ರ ಇಲ್ಲ.

ನನ್ನೊಳಗೆ ಹೊಸದಾಗಿ ಓದು ಕಲಿತೋನು ಎದ್ದುನಿಂತ. ಬೋರ್ಡಲ್ಲಿ ಸುಳ್ಳು ಇರಬಾರದು! "ಮೇಷ್ಟ್ರೇ, ಇದು..." ಅಂತ ಶುರುಮಾಡಿದೆ. ಅಮ್ಮಿ ನನ್ನ ಪಂಚೆ ಹಿಡಿದು ಎಳೆದ್ರು. ತಾವೇ ಕೇಳಿದ್ರು, ತಮ್ಮ ಅರೆಬರೆ ಕನ್ನಡದಲ್ಲಿ, "ಇದುಕ್ಕೆ ಸುಣ್ಣ ಹೊಡಿಯಲ್ಲ ಅಲ್ವಾ ಮೇಷ್ಟ್ರೇ?"

"ಎಲ್ಲಾದ್ರೂ ಉಂಟೇನಮ್ಮ! ಅವರ ಕೈಯಿಂದ ಆಗಿರೋದು. ಬೇರೆ ಯಾರೋ ಹುಡುಗರು ಗೀಚಿದ್ದಾಗಿದ್ರೆ ಅವತ್ತೇ ಬಳಿದುಬಿಡ್ತಿದ್ವಿ."

ಅಮ್ಮಿ ನನ್ನ ಕಡೆ ನೋಡಿದ್ರು. ಉರ್ದೂಲಿ ಮೆಲ್ಲಗೆ ಅಂದ್ರು, "ಕೇಳಿಸ್ತಾ? ಹೆಸರು ಅವರದ್ದೇ ಇರ್ಲಿ. ಕೈ ಇವಳದ್ದು ಉಳಿಯುತ್ತೆ."

ಬೋರ್ಡಿಗೂ ತಾಯಿಗೂ ನಡುವೆ ನಿಂತು ಯೋಚನೆ ಮಾಡಿದೆ. ಆ ಚಿತ್ರಕಾರರಿಗೆ ನೂರು ಚಿತ್ರ ಇವೆ. ಒಂದು ಜಾಸ್ತಿ ಆದ್ರೆ ಅವರಿಗೆ ಭಾರ ಇಲ್ಲ. ನಮಗೆ ಇರೋದು ಇದೊಂದೇ. ಅಮ್ಮಿಗೆ ಕೈ ಕೊಟ್ಟು ಎಬ್ಬಿಸಿದೆ.

ಹೊರಡೋವಾಗ ಮೇಷ್ಟ್ರು ಪುಸ್ತಕ ಮುಂದಿಟ್ಟು, "ಅಭಿಪ್ರಾಯ ಬರೀರಿ ಸಾಬ್ರೆ" ಅಂದ್ರು. ಸುಳ್ಳು ಬರೆಯಕ್ಕೆ ಕೈ ಓಡಲಿಲ್ಲ, ನಿಜ ಬರೆಯಂಗಿರಲಿಲ್ಲ. ತುಂಬಾ ಹೊತ್ತು ತಗೊಂಡು ಬರೆದೆ: "ಮೊದಲನೇ ಚಿತ್ರ ಎಲ್ಲದಕ್ಕಿಂತ ಚೆನ್ನಾಗಿದೆ. ಬರೆದ ಮಗುವಿಗೆ ನಮ್ಮ ದುವಾ." ಬಸ್‌ಸ್ಟ್ಯಾಂಡ್ ಸೇರೋವರೆಗೆ ಅಮ್ಮಿ ಅದನ್ನ ನನ್ನ ಬಾಯಲ್ಲಿ ಮೂರು ಸಲ ಹೇಳಿಸಿದ್ರು.

ಈಗ ಅಮ್ಮಿ ಇಲ್ಲ, ಮೇಷ್ಟ್ರೂ ಇಲ್ಲ. ಅದಕ್ಕೇ ಹೇಳ್ತಾ ಇದ್ದೀನಿ. ನಿಮ್ಮೋರ ಗುರುತೂ ಎಲ್ಲಾದ್ರೂ ಹಿಂಗೆ ಇನ್ನೊಬ್ಬರ ಹೆಸರಲ್ಲಿ ಬದುಕಿದ್ರೆ ನನಗೂ ಬರೆದು ತಿಳಿಸಿ, ನಿಧಾನಕ್ಕಾದ್ರೂ ಪೂರ್ತಿ ಓದ್ತೀನಿ. ಆದ್ರೆ ಆ ಚಿತ್ರಕಾರರು ಯಾರು, ಮನೆ ಚಿಂತಾಮಣೀಲೋ ಗೌರಿಬಿದನೂರಲ್ಲೋ ಅಂತ ಮಾತ್ರ ಕೇಳಬೇಡಿ. ಸುಣ್ಣ ಇನ್ನೂ ಸಿಗುತ್ತೆ.